ಪಿಂಚಣಿ ಚೆಕ್ ಹರಿಯುವ ಗೂಢಚಾರ

ಕ್ಲೀವ್‌ಲ್ಯಾಂಡಿನ ಸಾಧಾರಣ ಬೀದಿಯೊಂದರಲ್ಲಿ ಸಾಧಾರಣ ಮನೆ, ಒಳಗೆ ಒಂಟಿ ಗಂಡಸು. ಅಂಚೆಯಲ್ಲಿ ಬಂದ ಪಿಂಚಣಿ ಚೆಕ್ಕನ್ನು ಅಚ್ಚುಕಟ್ಟಾಗಿ ಹರಿದು ಹಾಕುತ್ತಾನೆ. ಆಮೇಲೆ ಪಿಂಚಣಿ ಕಚೇರಿಗೆ ಫೋನು ಮಾಡಿ, ಈ ಸಲವೂ ಚೆಕ್ ಬಂದಿಲ್ಲವಲ್ಲ ಎಂದು ದೂರುತ್ತಾನೆ. ದುಡ್ಡಿನ ಚಿಂತೆ ಅವನಿಗಿಲ್ಲ. ಕಾನ್ಸಾಸ್ ಸಿಟಿಯ ಕಚೇರಿಯಲ್ಲಿ ಫೋನೆತ್ತುವ ಸಾರಾ ಎಂಬ ಗುಮಾಸ್ತೆಯ ದನಿ ಕೇಳಬೇಕು, ಅಷ್ಟೇ. ಅವಳು ಬೆಣ್ಣೆಹಣ್ಣಿನ ಗಿಡ ಬೆಳೆಸುತ್ತಾಳೆಂದು ಇವನೂ ಒಂದು ಗಿಡ ಸಾಕುತ್ತಿದ್ದಾನೆ.

2010ರ ಅಕ್ಟೋಬರಿನಲ್ಲಿ ತೆರೆಕಂಡ ‘ರೆಡ್’ ಚಿತ್ರ ಶುರುವಾಗುವುದು ಹೀಗೆ. ಬ್ರೂಸ್ ವಿಲ್ಲಿಸ್ ಮಾಡಿರುವ ಈ ಫ್ರಾಂಕ್ ಮೋಸೆಸ್ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯ ನಿವೃತ್ತ ಏಜೆಂಟ್. ಒಂದು ರಾತ್ರಿ ಮುಸುಕುಧಾರಿಗಳು ನುಗ್ಗುತ್ತಾರೆ, ಮನೆ ಗುಂಡಿನೇಟಿಗೆ ಜರಡಿಯಾಗುತ್ತದೆ, ಫ್ರಾಂಕ್ ಊರು ಬಿಟ್ಟು ಹಳೆಯ ಜೊತೆಗಾರರನ್ನು ಒಬ್ಬೊಬ್ಬರಾಗಿ ಕೂಡಿಸಿಕೊಳ್ಳುತ್ತಾನೆ. ಮುಂದಿನದು ನೀವು ಊಹಿಸಬಲ್ಲ ಗದ್ದಲ. ಆದರೆ ಗುಂಡು ಹಾರುವ ಮುಂಚಿನ ಆ ಕೆಲವು ನಿಮಿಷಗಳೇ ಚಿತ್ರದ ಜೀವ ಎಂದು ನಾನು ಈಗಲೂ ವಾದಿಸುತ್ತೇನೆ. ನವೆಂಬರ್ ಬಂತೆಂದರೆ ಬ್ಯಾಂಕಿನ ಮುಂದೆ ಸಾಲು ನಿಂತು ‘ನಾನು ಬದುಕಿದ್ದೇನೆ’ ಎಂದು ಜೀವನ ಪ್ರಮಾಣಪತ್ರ ಕೊಡುವ ಹಿರಿಯರು ಯಾರ ಮನೆಯಲ್ಲಿದ್ದಾರೋ ಅವರಿಗೆ ಆ ಹರಿದ ಚೆಕ್ಕಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮೂವತ್ತು ವರ್ಷ ದುಡಿಸಿಕೊಂಡ ಸರ್ಕಾರಕ್ಕೂ ತನಗೂ ಈಗ ಉಳಿದಿರುವ ಒಂದೇ ಎಳೆಯನ್ನು ಫ್ರಾಂಕ್ ತಿಂಗಳಿಗೊಮ್ಮೆ ಜಗ್ಗಿ ನೋಡುತ್ತಾನೆ.

ಹದಿನೈದು ವರ್ಷದ ಹಿಂದಿನ ಚಿತ್ರದ ಮಾತು ಈಗೇಕೆ? ಏಕೆಂದರೆ ನಿವೃತ್ತ ಗೂಢಚಾರರು ಈಗ ತೆರೆಯ ಮೇಲೆ ಸಾಲುಗಟ್ಟಿದ್ದಾರೆ. ‘ರೆಡ್’ನಲ್ಲಿ ಬಿಳಿ ಗೌನು ತೊಟ್ಟು ಭಾರಿ ಮಷೀನ್ ಗನ್ ಹಿಂದೆ ಕೂತ ಹೆಲೆನ್ ಮಿರೆನ್‌ಗೆ ಆಗ 65. ಅದೇ ಮಿರೆನ್ 2025ರ ಆಗಸ್ಟಿನಲ್ಲಿ, 80 ತುಂಬಿದ ಮೇಲೆ, ನೆಟ್‌ಫ್ಲಿಕ್ಸ್‌ನ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ನಲ್ಲಿ ಮತ್ತೆ ನಿವೃತ್ತ ಬೇಹುಗಾರ್ತಿಯಾಗಿ ಬಂದರು. ಅರ್ನಾಲ್ಡ್ ಶ್ವಾರ್ಜ್‌ನೆಗರ್ 2023ರಲ್ಲಿ ಶುರುವಾದ ‘ಫುಬಾರ್’ ಸರಣಿಯಲ್ಲಿ ನಿವೃತ್ತಿಯ ಹೊಸ್ತಿಲಲ್ಲಿರುವ ಸಿಐಎ ಏಜೆಂಟ್. ನಮ್ಮ ಕಡೆ ಕಮಲ್ ಹಾಸನ್, ರಜನೀಕಾಂತ್ ಇದೇ ದಾರಿ ಹಿಡಿದರು. ಅವರ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಲೆಕ್ಕಾಚಾರ ಮುಗಿಸೋಣ. ‘ರೆಡ್’ಗೆ ಸುಮಾರು 5.8 ಕೋಟಿ ಡಾಲರ್ ಖರ್ಚಾಗಿತ್ತು, ಜಗತ್ತಿನಾದ್ಯಂತ ಬಂದದ್ದು 20 ಕೋಟಿ ಡಾಲರಿಗೆ ಹತ್ತಿರ. ಎಂಬತ್ತು, ತೊಂಬತ್ತರ ದಶಕದಲ್ಲಿ ಪೋಸ್ಟರಿನ ಮೇಲಿನ ಹೆಸರೇ ಟಿಕೆಟ್ ಮಾರುತ್ತಿತ್ತು. ಸೂಪರ್‌ಹೀರೊಗಳು ಬಂದ ಮೇಲೆ ಉಡುಪು ಟಿಕೆಟ್ ಮಾರತೊಡಗಿತು. ಉಡುಪಿನೊಳಗೆ ಯಾರಿದ್ದರೂ ನಡೆಯುತ್ತದೆ. ಹಾಗಾಗಿ ಹೆಸರಿನ ಬಲದಲ್ಲೇ ಸಾಹಸ ಚಿತ್ರ ಮಾಡಬೇಕೆಂದರೆ ಹಳೆಯ ಹೆಸರುಗಳ ಬಾಗಿಲನ್ನೇ ತಟ್ಟಬೇಕು, ಅವರಿಗೋ ವಯಸ್ಸಾಗಿದೆ, ಕಥೆಗೆ ಒಂದು ನೆಪ ಬೇಕು. ನಿವೃತ್ತ ಏಜೆಂಟ್ ಎಂಬುದು ಆ ನೆಪ. 2013ರ ಎರಡನೇ ಭಾಗಕ್ಕೆ ಆಂಥನಿ ಹಾಪ್ಕಿನ್ಸ್, ಕ್ಯಾಥರೀನ್ ಝೀಟಾ ಜೋನ್ಸ್ ಅವರನ್ನೂ ಸೇರಿಸಿ ಖರ್ಚನ್ನು 8 ಕೋಟಿ ಡಾಲರಿನ ಮೇಲಕ್ಕೆ ಏರಿಸಿದರು, ಗಳಿಕೆ 15 ಕೋಟಿಗೆ ಇಳಿಯಿತು. ಮೊದಲ ಚಿತ್ರ ಓಡಿದ್ದು ಯಾವ ಕಾರಣಕ್ಕೆ ಎಂಬುದು ಮಾಡಿದವರಿಗೇ ಪೂರ್ತಿ ಹೊಳೆದಿರಲಿಲ್ಲ ಎಂದು ನನ್ನ ಗುಮಾನಿ.

ಅದೇ 2010ರ ಆಗಸ್ಟಿನಲ್ಲಿ 64ರ ಸಿಲ್ವೆಸ್ಟರ್ ಸ್ಟಲೋನ್ ತಮ್ಮ ಕಾಲದ ಕಟ್ಟುಮಸ್ತು ನಟರನ್ನೆಲ್ಲ ಗುಡ್ಡೆ ಹಾಕಿ ‘ದಿ ಎಕ್ಸ್‌ಪೆಂಡಬಲ್ಸ್’ ತಂದಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸ್ಟಲೋನ್ ತಂಡಕ್ಕೆ ವಯಸ್ಸೆಂದರೆ ಎಣ್ಣೆ ಹಚ್ಚಿ ಮುಚ್ಚಿಡಬೇಕಾದ ಅವಮಾನ. ‘ರೆಡ್’ ತಂಡಕ್ಕೆ ವಯಸ್ಸೇ ವೇಷ. ಮಾರ್ಗನ್ ಫ್ರೀಮನ್ ಮಾಡಿದ ಜೋ ನ್ಯೂ ಆರ್ಲಿಯನ್ಸ್‌ನ ವೃದ್ಧಾಶ್ರಮದಲ್ಲಿ ಟಿವಿ ಮುಂದೆ ಕೂತಿರುತ್ತಾನೆ, ಪಿತ್ತಜನಕಾಂಗದ ಕ್ಯಾನ್ಸರ್ ಕೊನೆಯ ಹಂತದಲ್ಲಿದೆ. ಮಿರೆನ್ ಮಾಡಿದ ವಿಕ್ಟೋರಿಯಾ ಅತಿಥಿಗೃಹ ನಡೆಸುತ್ತಾ ಹೂ ಜೋಡಿಸುವ ಸೌಮ್ಯ ಹೆಂಗಸು; ಬಿಡುವಿನಲ್ಲಿ ಸುಪಾರಿ ಒಪ್ಪಿಕೊಳ್ಳುತ್ತಾಳೆ ಎಂಬುದು ನಮಗೆ ತಡವಾಗಿ ತಿಳಿಯುತ್ತದೆ. ಅಜ್ಜ ಅಜ್ಜಿಯರನ್ನು ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಬಸ್ಸಿನಲ್ಲಾಗಲಿ, ಮದುವೆ ಮನೆಯಲ್ಲಾಗಲಿ, ಕಚೇರಿಯ ಕೌಂಟರಿನಲ್ಲಾಗಲಿ ಅವರು ಕಣ್ಣಿಗೆ ಬಿದ್ದೂ ಬೀಳದವರು. ಗೂಢಚಾರನಾದವನು ಜೀವನವಿಡೀ ಕಷ್ಟಪಟ್ಟು ಕಲಿಯುವ ವಿದ್ಯೆ ಮುಪ್ಪಿನ ಜೊತೆ ಪುಕ್ಕಟೆಯಾಗಿ ಬರುತ್ತದೆ.

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಈ ಚಿತ್ರ ತಲೆಕೆಳಗೆ ಮಾಡುವುದು ಜಾನ್ ಮಾಲ್ಕೊವಿಚ್‌ರ ಮಾರ್ವಿನ್ ಮೂಲಕ. ಅವನಿಗೆ ಎಲ್ಲರ ಮೇಲೂ ಸಂಶಯ, ಕಂಕುಳಲ್ಲಿ ಸದಾ ಒಂದು ಗೊಂಬೆ ಹಂದಿ. ದಾರಿಯಲ್ಲಿ ಸಿಕ್ಕ ಹೆಂಗಸೊಬ್ಬಳನ್ನು ಹಿಡಿದು ಇವಳು ನಮ್ಮ ಬೆನ್ನು ಹತ್ತಿದ್ದಾಳೆ ಎನ್ನುತ್ತಾನೆ, ಉಳಿದವರು ಗದರಿಸಿ ಬಿಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ಅವಳೇ ರಾಕೆಟ್ ಲಾಂಚರ್ ಹೆಗಲಿಗೇರಿಸಿ ಎದುರಾಗುತ್ತಾಳೆ. ಹಂದಿಯ ಹೊಟ್ಟೆಯಲ್ಲಿ ಏನಿತ್ತು ಎಂಬುದು ಬಂದೂಕಿನ ಹೊಗೆಯಲ್ಲಿ ಗೊತ್ತಾಗುತ್ತದೆ.

ಮಾರ್ವಿನ್ ಹೀಗಾಗಲು ಕಾರಣವೇನೆಂದು ಕೇಳಿದಾಗ ಸಿಗುವ ಉತ್ತರಕ್ಕೆ ಚಿತ್ರಮಂದಿರ ನಗುತ್ತದೆ: ತಾನು ಮನಸ್ಸು ನಿಯಂತ್ರಿಸುವ ರಹಸ್ಯ ಪ್ರಯೋಗದಲ್ಲಿದ್ದೇನೆ ಎಂದು ಅವನು ನಂಬಿದ್ದ, ನೋಡಿದರೆ ಹನ್ನೊಂದು ವರ್ಷ ಅವನಿಗೆ ದಿನಾ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮದ್ದು ಕೊಡುತ್ತಿದ್ದರಂತೆ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ನಗೆಯ ಕೆಳಗಿನ ನೆಲ ಗಟ್ಟಿಯಿದೆ.

1953ರಲ್ಲಿ ಸಿಐಎ ‘ಎಂಕೆ ಅಲ್ಟ್ರಾ’ ಎಂಬ ಕಾರ್ಯಕ್ರಮ ಶುರು ಮಾಡಿತು. ಮದ್ದು ಕೊಟ್ಟು ಮನುಷ್ಯನ ಮನಸ್ಸನ್ನು ಬಗ್ಗಿಸಬಹುದೇ ಎಂದು ನೋಡುವುದು ಅದರ ಕೆಲಸ. ಎಷ್ಟೋ ಮಂದಿಗೆ ತಮಗೆ ಏನು ಕುಡಿಸಲಾಗುತ್ತಿದೆ ಎಂಬುದೇ ಗೊತ್ತಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಸೇನೆಯ ವಿಜ್ಞಾನಿ ಫ್ರಾಂಕ್ ಓಲ್ಸನ್‌ಗೆ ತಿಳಿಸದೆ ಎಲ್‌ಎಸ್‌ಡಿ ಕೊಟ್ಟರು. ಕೆಲವೇ ದಿನಗಳಲ್ಲಿ ಅವರು ನ್ಯೂಯಾರ್ಕಿನ ಹೋಟೆಲೊಂದರ ಕಿಟಕಿಯಿಂದ ಬಿದ್ದು ಸತ್ತರು. 1973ರಲ್ಲಿ ಸಿಐಎ ನಿರ್ದೇಶಕ ರಿಚರ್ಡ್ ಹೆಲ್ಮ್ಸ್ ಈ ಕಾರ್ಯಕ್ರಮದ ಕಡತಗಳನ್ನು ನಾಶ ಮಾಡಲು ಆದೇಶಿಸಿದರು. ಹಾಗಾದರೆ ನಮಗೆ ಇದೆಲ್ಲ ಗೊತ್ತಾದದ್ದು ಹೇಗೆ? ಒಂದು ಪಾಲು 1975ರ ಸೆನೆಟ್ ವಿಚಾರಣೆಯಿಂದ. ಇನ್ನೊಂದು ಪಾಲು ಬಂದದ್ದು ಗುಮಾಸ್ತರ ಶಿಸ್ತಿನಿಂದ. ಲೆಕ್ಕಪತ್ರ ವಿಭಾಗದವರು ತಮ್ಮ ಪಾಲಿನ ಖರ್ಚುವೆಚ್ಚದ ಕಾಗದಗಳನ್ನು ಹಳೆಯ ಕಡತಗಳ ಉಗ್ರಾಣಕ್ಕೆ ಕಳಿಸಿಬಿಟ್ಟಿದ್ದರು. ಆ ಉಗ್ರಾಣಕ್ಕೆ ಸಿಐಎಯವರು ಇಟ್ಟುಕೊಂಡ ಹೆಸರೇ ‘ರಿಟೈರ್ಡ್ ರೆಕಾರ್ಡ್ಸ್ ಸೆಂಟರ್’. ನಾಶದ ಆದೇಶ ಅಲ್ಲಿಗೆ ಮುಟ್ಟಲಿಲ್ಲ, 1977ರಲ್ಲಿ ಸಾವಿರಾರು ಪುಟ ಹೊರಬಿತ್ತು. ನಿವೃತ್ತ ಕಡತಗಳು, ಅತ್ಯಂತ ಅಪಾಯಕಾರಿ.

ಚಿತ್ರದ ಹೆಸರಿನ ವಿಸ್ತರಣೆಯೂ ಅದೇ ತಾನೆ: ‘ರಿಟೈರ್ಡ್, ಎಕ್ಸ್‌ಟ್ರೀಮ್ಲಿ ಡೇಂಜರಸ್’. ಫ್ರಾಂಕ್‌ನ ಕಡತದ ಮೇಲೆ ಹೊಡೆದ ಮುದ್ರೆ ಅದು. ಈ ಕಥೆಯ ಮೂಲ ವಾರೆನ್ ಎಲ್ಲಿಸ್ ಬರೆದು ಕಲ್ಲಿ ಹ್ಯಾಮ್ನರ್ ಚಿತ್ರ ಬಿಡಿಸಿದ ಮೂರು ಸಂಚಿಕೆಗಳ ಕಾಮಿಕ್ಸ್, 2003–04ರದು. ಅದರಲ್ಲಿ ನಗುವೇ ಇಲ್ಲ. ಸಿಐಎಗೆ ಹೊಸ ನಿರ್ದೇಶಕ ಬರುತ್ತಾನೆ, ಸಂಸ್ಥೆಗಾಗಿ ಈ ಮನುಷ್ಯ ಏನೇನು ಮಾಡಿದ್ದಾನೆ ಎಂದು ತಿಳಿದು ಬೆವರುತ್ತಾನೆ, ಮುಗಿಸಿಬಿಡಿ ಎನ್ನುತ್ತಾನೆ. ಅಷ್ಟೇ ಕಾರಣ. ನಿವೃತ್ತನು ಯಾರಿಗೂ ಏನೂ ಮಾಡಿಲ್ಲ, ಯಾರಿಗೂ ಏನೂ ಹೇಳಿಲ್ಲ. ಅವನಿಗೆ ನೆನಪಿದೆ ಎಂಬುದೇ ಅಪರಾಧ. ನಿರ್ದೇಶಕ ರಾಬರ್ಟ್ ಶ್ವೆಂಟ್ಕೆ ಮತ್ತು ಚಿತ್ರಕಥೆ ಬರೆದ ಹೋಬರ್ ಸಹೋದರರು ಇದಕ್ಕೆ ಗೆಳೆಯರ ಗುಂಪು, ಪ್ರೇಮ, ಚೇಷ್ಟೆ ಸೇರಿಸಿ ರುಚಿ ಬದಲಿಸಿದರು. ಆದರೂ ಬುಡದ ಕಹಿ ಪೂರ್ತಿ ಹೋಗಿಲ್ಲ. ಸಿಐಎಯ ನೆಲಮಾಳಿಗೆಯಲ್ಲಿ ಕಾಗದದ ಕಡತ ಕಾಯುವ ಮುದುಕ ಹೆನ್ರಿಯ ಪಾತ್ರ ನೋಡಿ. ಅದನ್ನು ಮಾಡಿದ ಅರ್ನೆಸ್ಟ್ ಬೋರ್ಗ್‌ನೈನ್‌ಗೆ ಚಿತ್ರ ಬಿಡುಗಡೆಯಾದಾಗ 93 ವರ್ಷ. ಎರಡೇ ಎರಡು ಸಲ ಬರುವ ಆ ಪಾತ್ರದ ಮುಂದೆ ಸ್ಫೋಟಗಳೆಲ್ಲ ನನಗೆ ಸಪ್ಪೆ. ತರುಣ ಏಜೆಂಟ್ ಕೂಪರ್ ಕೈಗೆ ಅವನು ಕೊಡುವ ಫ್ರಾಂಕ್‌ನ ಕಡತದಲ್ಲಿ ಸಾಲುಸಾಲೇ ಕಪ್ಪು ಮಸಿ.

ಕಥೆಯ ಒಳಗಿಟ್ಟ ರಹಸ್ಯ ಮಧ್ಯ ಅಮೆರಿಕದ ದೇಶ ಗ್ವಾಟೆಮಾಲಾದ್ದು, 1981ರದು. ಈಗ ಅಮೆರಿಕದ ಉಪಾಧ್ಯಕ್ಷನಾಗಿರುವವನು ತರುಣ ಸೇನಾಧಿಕಾರಿಯಾಗಿದ್ದಾಗ ಅಲ್ಲಿನ ಹಳ್ಳಿಯೊಂದರಲ್ಲಿ ಕಗ್ಗೊಲೆ ನಡೆಸಿದ್ದ. ಅವನನ್ನು ಅಲ್ಲಿಂದ ಹೊರಗೆ ಸಾಗಿಸಿ, ಎಲ್ಲವನ್ನೂ ಮುಚ್ಚಿಹಾಕಿದವರ ಪಟ್ಟಿಯಲ್ಲಿ ಫ್ರಾಂಕ್, ಮಾರ್ವಿನ್ ಇದ್ದಾರೆ. ಆ ಪಟ್ಟಿಯ ಹೆಸರುಗಳೆಲ್ಲ ಈಗ ಒಂದೊಂದಾಗಿ ಅಳಿಯುತ್ತಿವೆ. ಇದೂ ಗಾಳಿಯಲ್ಲಿ ಹುಟ್ಟಿದ್ದಲ್ಲ. 1954ರಲ್ಲಿ ಸಿಐಎ ಅಲ್ಲಿನ ಚುನಾಯಿತ ಅಧ್ಯಕ್ಷ ಹಕೋಬೊ ಅರ್ಬೆನ್ಸ್‌ರನ್ನು ಇಳಿಸಿತು. 1960ರಿಂದ 36 ವರ್ಷ ಅಂತರ್ಯುದ್ಧ. ವಿಶ್ವಸಂಸ್ಥೆಯ ನೆರವಿನಿಂದ ರಚನೆಯಾದ ಸತ್ಯ ಆಯೋಗ 1999ರಲ್ಲಿ ಕೊಟ್ಟ ವರದಿಯ ಪ್ರಕಾರ ಸತ್ತವರು, ಕಾಣೆಯಾದವರು 2,00,000ಕ್ಕೂ ಹೆಚ್ಚು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನ, ಕೃತ್ಯಗಳಲ್ಲಿ ನೂರಕ್ಕೆ 93 ಸರ್ಕಾರಿ ಪಡೆಗಳವು. ಆ ವರದಿ ಬಂದ ಮರುತಿಂಗಳು ಅಲ್ಲಿಗೆ ಹೋದ ಅಧ್ಯಕ್ಷ ಬಿಲ್ ಕ್ಲಿಂಟನ್, ಅಂಥ ಪಡೆಗಳಿಗೆ ಅಮೆರಿಕ ಬೆಂಬಲ ಕೊಟ್ಟದ್ದು ತಪ್ಪು ಎಂದು ಒಪ್ಪಿಕೊಂಡರು.

ಚಿತ್ರದಲ್ಲಿ ಆ ಹಳ್ಳಿಗೆ ಮುಖವೇ ಇಲ್ಲ. ಅದೊಂದು ಚೀಟಿ, ಕಡತದ ಒಂದು ಸಂಖ್ಯೆ, ಮುಂದಿನ ಹೊಡೆದಾಟಕ್ಕೆ ಹೋಗುವ ಸೇತುವೆ. ಚಿತ್ರದ ಮೇಲೆ ನನ್ನ ದೊಡ್ಡ ತಕರಾರು ಇದೇ. ಫ್ರಾಂಕ್, ಮಾರ್ವಿನ್ ಮುಚ್ಚಿಹಾಕುವ ಕೆಲಸಕ್ಕೆ ಕೈ ಕೊಟ್ಟವರು. ಮುಪ್ಪು ಅವರ ಮೇಲೆ ಪ್ರೀತಿ ಹುಟ್ಟಿಸುತ್ತದೆ, ಪ್ರೀತಿ ಹುಟ್ಟಿದ ಮೇಲೆ ನಾವು ಲೆಕ್ಕ ಕೇಳುವುದನ್ನು ಬಿಡುತ್ತೇವೆ. ನಿವೃತ್ತ ಗೂಢಚಾರರ ಹಾಸ್ಯ ಚಿತ್ರಗಳೆಲ್ಲ ಆಡುವ ಆಟ ಇದು: ಬಿಳಿ ಕೂದಲು ಕಂಡೊಡನೆ ಹಳೆಯ ರಕ್ತದ ಕಲೆ ಮಾಸಿದಂತೆ ಕಾಣುತ್ತದೆ.

ಇನ್ನು ನಿಜವಾದ ನಿವೃತ್ತ ಗೂಢಚಾರರ ಕಥೆ. ಹೊರನಾಡಿನಲ್ಲಿ ಅಪಾಯದ ಕೆಲಸ ಮಾಡಿದ ಸಿಐಎ ನೌಕರರಿಗಾಗಿ ಅಮೆರಿಕ 1964ರಲ್ಲೇ ಬೇರೆ ನಿವೃತ್ತಿ ಕಾನೂನು ಮಾಡಿತು. 20 ವರ್ಷ ಸೇವೆ ಆಗಿದ್ದರೆ 50ಕ್ಕೇ ಮನೆಗೆ ಹೋಗಬಹುದು. ಅಂದರೆ 55ರ ಫ್ರಾಂಕ್ ಕೈಕಾಲು ಗಟ್ಟಿಯಿರುವಾಗಲೇ ಮನೆಯಲ್ಲಿ ಕೂತಿರುವುದು ಚಿತ್ರದ ಉತ್ಪ್ರೇಕ್ಷೆಯಲ್ಲ. ಆದರೆ ಅಂಥವರನ್ನು ಕೊಲ್ಲಲು ಯಾರೂ ಮುಸುಕು ಹಾಕಿಕೊಂಡು ಬರುವುದಿಲ್ಲ, ಅದರ ಅಗತ್ಯವೂ ಇಲ್ಲ. ಕಾಗದವೊಂದಕ್ಕೆ ರುಜು ಹಾಕಿಸಿಕೊಂಡರೆ ಸಾಕು. ಫ್ರಾಂಕ್ ಸ್ನೆಪ್ ಎಂಬ ಸಿಐಎ ಅಧಿಕಾರಿ ಕೆಲಸ ಬಿಟ್ಟು, ವಿಯೆಟ್ನಾಂ ಯುದ್ಧದ ಕೊನೆಯಲ್ಲಾದ ಸೈಗಾನ್ ಪತನದ ಬಗ್ಗೆ 1977ರಲ್ಲಿ ಪುಸ್ತಕ ಬರೆದರು. ಅದರಲ್ಲಿ ರಹಸ್ಯ ಮಾಹಿತಿ ಇದೆ ಎಂದು ಸರ್ಕಾರ ಮೊಕದ್ದಮೆಯಲ್ಲಿ ವಾದಿಸಲೂ ಇಲ್ಲ. ಮೊದಲೇ ನಮಗೆ ತೋರಿಸಲಿಲ್ಲ, ಒಪ್ಪಂದ ಮುರಿದರು ಎಂಬುದಷ್ಟೇ ದೂರು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸರ್ಕಾರದ ಪರ ನಿಂತು, ಪುಸ್ತಕದ ಗಳಿಕೆಯನ್ನೆಲ್ಲ ಸರ್ಕಾರಕ್ಕೆ ಒಪ್ಪಿಸುವಂತೆ ಹೇಳಿತು.

ನಮ್ಮಲ್ಲಿ ಹಗ್ಗ ನೇರವಾಗಿ ಪಿಂಚಣಿಗೇ ಕಟ್ಟಿದೆ. 2021ರ ಮೇ 31ರಂದು ಕೇಂದ್ರ ಸರ್ಕಾರ ತನ್ನ ನೌಕರರ ಪಿಂಚಣಿ ನಿಯಮಕ್ಕೆ ತಿದ್ದುಪಡಿ ತಂದಿತು. ಹೊರದೇಶದ ಬೇಹುಗಾರಿಕೆ ನೋಡುವ ‘ರಾ’, ಒಳನಾಡಿನ ಗುಪ್ತಚರ ದಳದಂಥ ಸಂಸ್ಥೆಗಳಿಂದ ನಿವೃತ್ತರಾದವರು ಆ ಸಂಸ್ಥೆಯ ಕಾರ್ಯಕ್ಷೇತ್ರಕ್ಕೆ ಸಂಬಂಧಿಸಿದ ಯಾವುದನ್ನೂ, ಅಲ್ಲಿ ದುಡಿದು ಗಳಿಸಿದ ಪರಿಣತಿಯನ್ನೂ ಸೇರಿಸಿ, ಮುಖ್ಯಸ್ಥರ ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲ. ಹಾಗೆಂದು ಮುಚ್ಚಳಿಕೆ ಬರೆದುಕೊಡಬೇಕು, ತಪ್ಪಿದರೆ ಪಿಂಚಣಿ ತಡೆಹಿಡಿಯಬಹುದು. ರಹಸ್ಯ ಕಾಪಾಡಬೇಕೆಂಬುದಕ್ಕೆ ಯಾರ ವಿರೋಧವೂ ಇರಲಾರದು. ಬದುಕಿರುವ ಮಾಹಿತಿದಾರನ ಹೆಸರು ಪುಸ್ತಕದಲ್ಲಿ ಬಂದರೆ ಅದು ಕೊಲೆಗೆ ಸಮ. ಆದರೆ ‘ಕಾರ್ಯಕ್ಷೇತ್ರ’ ಎಂಬ ಮಾತಿನ ಬೇಲಿ ಎಲ್ಲಿಯವರೆಗೆ? ಮೂವತ್ತು ವರ್ಷ ನೆರೆದೇಶವೊಂದನ್ನು ಅಭ್ಯಾಸ ಮಾಡಿದವನಿಗೆ ಆ ದೇಶದ ಬಗ್ಗೆ ಪತ್ರಿಕೆಗೊಂದು ಲೇಖನ ಬರೆಯಲೂ ಕೈ ನಡುಗಬೇಕೆ? ಬಂದೂಕಿಲ್ಲದೆ, ಮುಸುಕಿಲ್ಲದೆ, ತಿಂಗಳ ಕೊನೆಯ ಹಣದ ಮೂಲಕ ನೆನಪಿಗೆ ಬೀಗ ಹಾಕುವ ವ್ಯವಸ್ಥೆ ಇದು. ಫ್ರಾಂಕ್ ಮೋಸೆಸ್ ಚೆಕ್ ಹರಿಯುವ ದೃಶ್ಯವನ್ನು ಇದನ್ನು ಓದಿದ ಮೇಲೆ ನೋಡಿದಾಗ ನನಗೆ ಅದು ಪ್ರಣಯದ ದೃಶ್ಯವಾಗಿ ಮಾತ್ರ ಕಾಣಲಿಲ್ಲ.

2022ರ ನವೆಂಬರಿನಲ್ಲಿ ಮೈಸೂರಿನಲ್ಲಿ ವಾಯುವಿಹಾರಕ್ಕೆ ಹೋಗಿದ್ದ ನಿವೃತ್ತ ಗುಪ್ತಚರ ಅಧಿಕಾರಿಯೊಬ್ಬರು ಕಾರು ಡಿಕ್ಕಿಯಾಗಿ ಸತ್ತರು. ಅಪಘಾತವೆಂದುಕೊಂಡದ್ದು ಸಿಸಿಟಿವಿ ನೋಡಿದ ಮೇಲೆ ಕೊಲೆಯ ತನಿಖೆಯಾಯಿತು. ಹಳೆಯ ಕೆಲಸದ ಹಗೆಯೇ ಇರಬೇಕು ಎಂದು ಎಲ್ಲರ ತಲೆಯಲ್ಲೂ ಸಿನಿಮಾ ಓಡಿತು, ನನ್ನ ತಲೆಯಲ್ಲೂ. ತನಿಖೆ ಹೋಗಿ ಮುಟ್ಟಿದ್ದು ಪಕ್ಕದ ಮನೆಯ ಕಟ್ಟಡದ ಜಗಳಕ್ಕೆ. ಗೂಢಚಾರರಿಗೂ ಮನೆ, ಕಾಂಪೌಂಡು, ಬಿಡಬೇಕಾದ ಜಾಗದ ತಗಾದೆ ಇರುತ್ತದೆಂದು ನಮಗೆ ಹೊಳೆಯುವುದೇ ಇಲ್ಲ.

ಈಗ ನಮ್ಮ ತೆರೆಗೆ ಬರೋಣ. 2022ರ ಜೂನಿನಲ್ಲಿ ಬಂದ ತಮಿಳಿನ ‘ವಿಕ್ರಮ್’ನಲ್ಲಿ ಕಮಲ್ ಹಾಸನ್ 1986ರಲ್ಲಿ ತಾವೇ ಮಾಡಿದ್ದ ಏಜೆಂಟನನ್ನು 67ರ ವಯಸ್ಸಿನಲ್ಲಿ ಮತ್ತೆ ಹೊರಗೆ ತಂದರು. 2023ರ ಆಗಸ್ಟಿನ ‘ಜೈಲರ್’ನ ನಾಯಕ ಗೂಢಚಾರನಲ್ಲ, ನಿವೃತ್ತ ಜೈಲು ಅಧಿಕಾರಿ, ಅಚ್ಚು ಮಾತ್ರ ಅದೇ. ರಜನೀಕಾಂತ್‌ಗೆ ಆಗ 72. ಅದರಲ್ಲಿ ಮಂಡ್ಯದ ನರಸಿಂಹನಾಗಿ ಕೆಲವೇ ನಿಮಿಷ ಕಾಣಿಸಿಕೊಂಡ 61ರ ಶಿವರಾಜ್‌ಕುಮಾರ್ ಟಿಶ್ಯೂ ಪೇಪರಿನ ಡಬ್ಬಿ ಹಿಡಿದು ನಡೆದು ಬಂದದ್ದಕ್ಕೆ ಬೆಂಗಳೂರಿನ ಚಿತ್ರಮಂದಿರಗಳಲ್ಲಿ ಎದ್ದ ಶಿಳ್ಳೆ ಇನ್ನೂ ಕಿವಿಯಲ್ಲಿದೆ.

ಹಾಲಿವುಡ್ಡಿಗೂ ಇವಕ್ಕೂ ಇರುವ ಒಂದು ವ್ಯತ್ಯಾಸ ನನಗೆ ಬಹಳ ಹಿಡಿಸುತ್ತದೆ. ಫ್ರಾಂಕ್ ಒಂಟಿ, ಅವನು ಮತ್ತೆ ಬಂದೂಕು ಹಿಡಿದದ್ದರ ಫಲ ಒಬ್ಬ ಗೆಳತಿ. ನಮ್ಮ ಇಬ್ಬರೂ ಅಜ್ಜಂದಿರು, ಇಬ್ಬರ ಕಥೆಯಲ್ಲೂ ಒಬ್ಬ ಮೊಮ್ಮಗನಿದ್ದಾನೆ. ‘ವಿಕ್ರಮ್’ನ ಮಗುವಿಗೆ ಹೃದಯದ ತೊಂದರೆ, ‘ಜೈಲರ್’ನ ಹುಡುಗ ಅಜ್ಜನನ್ನು ಕ್ಯಾಮೆರಾ ಹಿಡಿಯಲು ಬಳಸಿಕೊಳ್ಳುವ ಯೂಟ್ಯೂಬ್ ಪುಟಾಣಿ. ನಮ್ಮ ಸಿನಿಮಾದ ನಿವೃತ್ತನಿಗೆ ಹಿಂಸೆಗೆ ಮರಳಲು ಪರವಾನಗಿ ಸಿಗುವುದು ಸಂಸಾರದ ಹೆಸರಿನಲ್ಲಿ ಮಾತ್ರ. ತರಕಾರಿ ತಂದು, ಮೊಮ್ಮಗನನ್ನು ಶಾಲೆಗೆ ಬಿಟ್ಟು, ಮಗನ ಮಾತಿಗೆ ತಲೆಯಾಡಿಸುವ ಅಪ್ಪ ಒಳಗೊಳಗೆ ಹುಲಿ ಎಂಬ ಕಲ್ಪನೆ ನಮ್ಮ ನಡುಮನೆಯ ದಿವಾನದ ಮೇಲೆ ಪೇಪರ್ ಹಿಡಿದು ಕೂತ ಎಷ್ಟು ಜನರಿಗೆ ಹಿತವಾಗಿರಬಹುದು!

ಆದರೆ ವೇಷದ ಮರ್ಮವನ್ನು ಅತ್ಯಂತ ಚೊಕ್ಕವಾಗಿ ಹಿಡಿದದ್ದು ‘ವಿಕ್ರಮ್’ನ ಮನೆಗೆಲಸದಾಕೆ. ಮುಕ್ಕಾಲು ಚಿತ್ರ ಆಕೆಯನ್ನು ನಾವು ನೋಡಿಯೂ ನೋಡಿರುವುದಿಲ್ಲ. ಗೂಂಡಾಗಳು ಮನೆಗೆ ನುಗ್ಗಿದ ಮೇಲೆ ಆಕೆ ಏಜೆಂಟ್ ಟೀನಾ ಎಂದು ಗೊತ್ತಾಗುತ್ತದೆ, ಕೈಗೆ ಸಿಕ್ಕ ಚಮಚ, ಫೋರ್ಕುಗಳೇ ಆಯುಧ. ಆ ಪಾತ್ರ ಮಾಡಿದ ವಸಂತಿ ದಶಕಗಟ್ಟಲೆ ಹಾಡುಗಳ ಹಿಂದಿನ ಸಾಲಿನಲ್ಲಿ ಕುಣಿದವರು. ನಾವು ಅವರನ್ನೂ ನೋಡಿಯೂ ನೋಡಿರಲಿಲ್ಲ. ಮಿರೆನ್ ತಾರೆಯಾಗಿ ಬಂದು ಅಜ್ಜಿಯ ವೇಷ ತೊಟ್ಟರು. ವಸಂತಿಗೆ ವೇಷ ಬೇಕಾಗಿಯೇ ಇರಲಿಲ್ಲ.

ಕನ್ನಡಕ್ಕೆ ತನ್ನದೇ ಒಬ್ಬ ಗೂಢಚಾರನಿದ್ದಾನೆ ಎಂಬುದನ್ನು ಈ ಗದ್ದಲದಲ್ಲಿ ನಾವು ಮರೆತಂತಿದೆ. 1968ರಲ್ಲಿ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್‌ಗೆ ಸೂಟು ಹಾಕಿಸಿ ಸಿಐಡಿ 999 ಮಾಡಿದರು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಕೊನೆಗೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಆ ಕೊನೆಯ ಚಿತ್ರದ ಹೊತ್ತಿಗೆ ರಾಜ್‌ಗೆ 49, ತೆರೆಯ ಮೇಲಿನ 999ಗೆ ಮಾತ್ರ ಒಂದು ದಿನವೂ ವಯಸ್ಸಾಗಿರಲಿಲ್ಲ. ಇಪ್ಪತ್ತೆರಡು ವರ್ಷದ ನಂತರ, ತಮ್ಮ ಕೊನೆಯ ಚಿತ್ರ ‘ಶಬ್ದವೇಧಿ’ಯಲ್ಲಿ ಎಪ್ಪತ್ತರ ಆಸುಪಾಸಿನ ರಾಜ್ ಪೊಲೀಸ್ ಸಮವಸ್ತ್ರ ತೊಟ್ಟು ಹೊಡೆದಾಡಿದರು, ಅಲ್ಲಿಯೂ ನಿವೃತ್ತಿಯ ಸುದ್ದಿಯಿಲ್ಲ. ನಮ್ಮ 999 ಯಾವತ್ತು ರಿಟೈರ್ ಆದ, ವಿದಾಯ ಸಮಾರಂಭದಲ್ಲಿ ಯಾರು ಶಾಲು ಹೊದೆಸಿದರು, ನವೆಂಬರಿನಲ್ಲಿ ಬ್ಯಾಂಕಿನ ಕೌಂಟರಿನ ಮುಂದೆ ತನ್ನ ಹತ್ತು ಹೆಸರುಗಳಲ್ಲಿ ಯಾವುದನ್ನು ಹೇಳಿ ತಾನು ಬದುಕಿದ್ದೇನೆಂದು ರುಜುವಾತು ಮಾಡುತ್ತಿದ್ದ, ಆ ಚಿತ್ರವನ್ನು ಯಾರಾದರೂ ಮಾಡಿದರೆ ಮೊದಲ ಆಟಕ್ಕೆ ನಾನಿದ್ದೇನೆ.